ಬಿಂದುವನ್ನು ಎಳೆಯುವ ಕೈ ಯಾರದು?

ಒಂದು ಚತುರ್ಭುಜ ಬರೆಯಿರಿ. ಸೊಟ್ಟಗಿದ್ದರೂ ಪರವಾಗಿಲ್ಲ. ನಾಲ್ಕೂ ಬಾಹುಗಳ ಮಧ್ಯಬಿಂದುಗಳನ್ನು ಗುರುತಿಸಿ, ಒಂದಾದ ಮೇಲೊಂದು ಸೇರಿಸುತ್ತಾ ಹೋಗಿ. ಸಿಗುವುದು ಸಮಾಂತರ ಚತುರ್ಭುಜ. ಫ್ರೆಂಚ್ ಗಣಿತಜ್ಞ ಪಿಯರ್ ವರಿನ್ಯೋನ್ ಹೆಸರಿನಲ್ಲಿ 1731ರಲ್ಲಿ ಅಚ್ಚಾದ ಪ್ರಮೇಯ ಇದು. ನಮ್ಮ ಪ್ರೌಢಶಾಲೆಯ ಮಕ್ಕಳು ಇದನ್ನು ಮಧ್ಯಬಿಂದು ಪ್ರಮೇಯದ ಒಂದು ಲೆಕ್ಕವಾಗಿ ಮಾಡುತ್ತಾರೆ. ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ, ಕೆಳಗೆ ಐದಾರು ಸಾಲಿನ ಸಾಧನೆ (ಪ್ರೂಫ್), ಮುಂದಿನ ಲೆಕ್ಕ.

ಅದೇ ಚಿತ್ರವನ್ನು ಕಂಪ್ಯೂಟರಿನಲ್ಲಿ ರೇಖಾಗಣಿತದ ಚಿತ್ರ ಬರೆಯುವ ಜಿಯೋಜೀಬ್ರಾ ತಂತ್ರಾಂಶದಲ್ಲಿ ಬರೆದು, ಒಂದು ಮೂಲೆಯನ್ನು ಹಿಡಿದು ಎಳೆಯಿರಿ. ಹೊರಗಿನ ಆಕಾರ ಒಳಕ್ಕೆ ಬಾಗುತ್ತದೆ. ಇನ್ನೂ ಎಳೆದರೆ ಬಾಹುಗಳು ಒಂದನ್ನೊಂದು ದಾಟುತ್ತವೆ. ಮಧ್ಯಬಿಂದುಗಳ ಆಕೃತಿ ಮಾತ್ರ ಸಮಾಂತರ ಚತುರ್ಭುಜವಾಗಿಯೇ ಉಳಿಯುತ್ತದೆ. ಎಲ್ಲೋ ಒಂದು ಕಡೆ ಅದು ಚಪ್ಪಟೆಯಾಗಿ ಬರೀ ಗೆರೆಯಾಗುತ್ತದೆ. ಹೊರಗಿನ ಆಕೃತಿಯ ಎರಡು ಕರ್ಣಗಳು ಸಮಾಂತರವಾದ ಕ್ಷಣ ಅದು. ಯಾಕೆ ಹಾಗಾಯಿತು ಎಂದು ಹುಡುಕಲು ಹೊರಟ ಹುಡುಗಿ ಸಾಧನೆಯ ಬಾಗಿಲಿಗೆ ತಾನಾಗಿ ಬಂದಿರುತ್ತಾಳೆ. ಯಾಕೆಂದರೆ ಒಳಗಿನ ಬಾಹುಗಳು ಕರ್ಣಗಳಿಗೆ ಸಮಾಂತರ ಎಂಬುದೇ ಆ ಸಾಧನೆಯ ತಿರುಳು.

ಪ್ರೌಢಶಾಲೆಯ ಗಣಿತಕ್ಕೆ ಕಂಪ್ಯೂಟರ್ ತಂದ ನಿಜವಾದ ಹೊಸತನ ಇದು ಅಂತ ನನ್ನ ನಂಬಿಕೆ. ಆದರೆ ಮೂಲೆಯನ್ನು ಎಳೆಯುವ ಕೈ ಮಗುವಿನದೇ ಆಗಿರಬೇಕು. ಕಳೆದ ಅರವತ್ತು ವರ್ಷಗಳ ಕಥೆ ನೋಡಿದರೆ, ಆ ಕೈ ಯಾರದು ಎಂಬ ಜಗ್ಗಾಟವೇ ಮತ್ತೆ ಮತ್ತೆ ಕಾಣುತ್ತದೆ.

ಯಂತ್ರ ಕೇಳುತ್ತದೆ, ಮಗು ಉತ್ತರಿಸುತ್ತದೆ

ಮೊದಲು ಬಂದದ್ದು ಯಂತ್ರ ಪಾಠ ಹೇಳುವ ಪದ್ಧತಿ. 1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಮತ್ತು ಸಂಗಡಿಗರು ಪ್ಲೇಟೋ ಎಂಬ ವ್ಯವಸ್ಥೆ ಕಟ್ಟಿದರು. ದೊಡ್ಡ ಕಂಪ್ಯೂಟರಿಗೆ ಪರದೆಗಳನ್ನು ಜೋಡಿಸಿ ಪಾಠ ಮತ್ತು ಪ್ರಶ್ನೆ ಕೊಡುವ ಏರ್ಪಾಡು ಅದು. ಅದಕ್ಕಾಗಿಯೇ 1964ರಲ್ಲಿ ಪ್ಲಾಸ್ಮಾ ಪರದೆಯನ್ನು ಕಂಡುಹಿಡಿದರು. ಅದೇ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಸೂಪೀಸ್ ಶಾಲಾ ಮಕ್ಕಳಿಗೆ ಟೆಲಿಟೈಪ್ ಎಂಬ, ಕಂಪ್ಯೂಟರಿಗೆ ಜೋಡಿಸಿದ ಟೈಪಿಂಗ್ ಯಂತ್ರದ ಮೇಲೆ ಕೂಡುವ, ಕಳೆಯುವ ಲೆಕ್ಕಗಳನ್ನು ಕೊಟ್ಟರು. ಯಂತ್ರ ಒಂದು ಲೆಕ್ಕ ಕೇಳುತ್ತದೆ, ಮಗು ಉತ್ತರ ಒತ್ತುತ್ತದೆ, ಯಂತ್ರ ಸರಿ-ತಪ್ಪು ಹೇಳುತ್ತದೆ. ಇಂದು ಫೋನಿನಲ್ಲಿರುವ ಬಹುಪಾಲು ಕಲಿಕಾ ಆ್ಯಪ್‌ಗಳ ವಂಶ ಇಲ್ಲಿಂದಲೇ ಶುರುವಾಗುತ್ತದೆ.

ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಡೋದರದ ಶಾಲೆಗಳಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ನಾಲ್ಕನೇ ತರಗತಿಯ ಮಕ್ಕಳಿಗೆ ಕಂಪ್ಯೂಟರ್ ಆಟಗಳ ಮೂಲಕ ಗಣಿತ ಕಲಿಸಿತ್ತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಮಕ್ಕಳ ಗಣಿತದ ಅಂಕ ಚೆನ್ನಾಗಿಯೇ ಏರಿತ್ತು. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್ ಮತ್ತು ಅಲೆಹಾಂಡ್ರೊ ಗನಿಮಿಯನ್ ಪರೀಕ್ಷಿಸಿದರು. 2019ರಲ್ಲಿ ಬಂದ ಅವರ ವರದಿಯಲ್ಲೂ ಲಾಭ ದೊಡ್ಡದಾಗಿಯೇ ಕಂಡಿತು. ಅಲ್ಲಿನ ಬಹಳಷ್ಟು ಮಕ್ಕಳು ತಮ್ಮ ತರಗತಿಗಿಂತ ಎರಡು-ಮೂರು ವರ್ಷ ಹಿಂದಿದ್ದರು. ತಂತ್ರಾಂಶ ಪ್ರತಿ ಮಗುವಿನ ಮಟ್ಟ ಗುರುತಿಸಿ ಅಲ್ಲಿಂದ ಲೆಕ್ಕ ಕೊಟ್ಟಿತು. ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಮೇಷ್ಟ್ರಿಗೆ ಇದು ಕಷ್ಟ. ಇನ್ನೊಂದು ಮಾತು ಹೇಳಲೇಬೇಕು. ಆ ತಂತ್ರಾಂಶ ಬಳಸಿದ ದೆಹಲಿಯ ಕಲಿಕಾ ಕೇಂದ್ರಗಳಲ್ಲಿ 45 ನಿಮಿಷ ಕಂಪ್ಯೂಟರ್, ಇನ್ನು 45 ನಿಮಿಷ ಮನುಷ್ಯರೇ ಗುಂಪಿನಲ್ಲಿ ಹೇಳಿಕೊಡುವ ಪಾಠ. ಜಾಹೀರಾತುಗಳಲ್ಲಿ ಈ ಎರಡನೇ ಅರ್ಧ ಕಾಣೆಯಾಗುತ್ತದೆ.

ಬರೀ ಯಂತ್ರ ಕೊಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಿದೆ. ಪೆರು ದೇಶ ಹಳ್ಳಿಯ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಒಬ್ಬೊಬ್ಬರಿಗೊಂದು ಲ್ಯಾಪ್‌ಟಾಪ್ ಹಂಚಿತು. 2012ರಲ್ಲಿ ಬಂದ ಅಧ್ಯಯನ ನೋಡಿದರೆ ಗಣಿತದ ಅಂಕ ಅಲುಗಾಡಿರಲಿಲ್ಲ.

ಆಮೆ ತಪ್ಪಾಗಿ ತಿರುಗಿದಾಗ

1967ರಲ್ಲಿ ಇನ್ನೊಂದು ಧಾರೆ ಹುಟ್ಟಿತು. ಸೇಮರ್ ಪ್ಯಾಪರ್ಟ್, ವಾಲಿ ಫಾಯರ್‌ಝೈಗ್, ಸಿಂಥಿಯಾ ಸಾಲೊಮನ್ ಮತ್ತು ಜೊತೆಗಾರರು ಲೋಗೊ ಎಂಬ ಭಾಷೆ ಕಟ್ಟಿದರು. ಪ್ಯಾಪರ್ಟ್ ಅದಕ್ಕೂ ಮೊದಲು ಜಿನೀವಾದಲ್ಲಿ ಮಕ್ಕಳ ಮನೋವಿಜ್ಞಾನಿ ಜಾನ್ ಪಿಯಾಜೆ ಜೊತೆ ಕೆಲಸ ಮಾಡಿದ್ದವರು. ಮಕ್ಕಳು ತಾವೇ ಏನಾದರೂ ಕಟ್ಟುತ್ತಾ ಯೋಚನೆಯನ್ನು ಬೆಳೆಸಿಕೊಳ್ಳುತ್ತಾರೆ ಎಂಬ ನೋಟ ಪ್ಯಾಪರ್ಟ್ ಅವರದು. ಮಗು ಯಂತ್ರದ ಮಾತು ಕೇಳುವುದಲ್ಲ, ಮಗುವಿನ ಮಾತನ್ನು ಯಂತ್ರ ಕೇಳಬೇಕು ಎಂದು ಅವರು ವಾದಿಸಿದರು.

ಲೋಗೊದಲ್ಲಿ ಅಪ್ಪಣೆಯಂತೆ ಚಲಿಸಿ ಗೆರೆ ಬಿಡುವ ಒಂದು 'ಆಮೆ' ಇದೆ. ಅದಕ್ಕೆ 'ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ಬಲಕ್ಕೆ ತಿರುಗು' ಎಂದು ಅಪ್ಪಣೆ ಕೊಡಬೇಕು. ಹೋದ ದಾರಿಯೇ ಗೆರೆ. ಚೌಕ ಸುಲಭ: ನಾಲ್ಕು ಸಲ ಮುಂದೆ, ನಾಲ್ಕು ಸಲ 90 ಡಿಗ್ರಿ. ಈಗ ಸಮಬಾಹು ತ್ರಿಭುಜ. ಅದರ ಕೋನ 60 ಡಿಗ್ರಿ ಎಂದು ಎಲ್ಲರಿಗೂ ಗೊತ್ತು ಅಲ್ವಾ? ಮಗು 60 ಒತ್ತುತ್ತದೆ. ತ್ರಿಭುಜ ಮುಚ್ಚಿಕೊಳ್ಳುವುದೇ ಇಲ್ಲ. ಹಾಗೇ ಮುಂದುವರಿಸಿದರೆ ಆರು ಬಾಹುಗಳ ಷಡ್ಭುಜ ಬಂದುಬಿಡುತ್ತದೆ! ಆಮೆ ತಿರುಗುವುದು ಒಳಕೋನದಷ್ಟಲ್ಲ, ಬಾಹ್ಯಕೋನದಷ್ಟು. ಅಂದರೆ 120 ಡಿಗ್ರಿ. ಬಾಹುಗಳು ಒಂದನ್ನೊಂದು ದಾಟದ ಯಾವ ಬಹುಭುಜವನ್ನು ಸುತ್ತಿ ಬಂದರೂ ಒಟ್ಟು ತಿರುವು 360 ಎಂಬುದು ಮಗುವಿಗೆ ಇಲ್ಲಿ ಕಾಲಿನಿಂದಲೇ ಗೊತ್ತಾಗುತ್ತದೆ. ಎದ್ದು ನಿಂತು ತಾನೇ ಆಮೆಯಂತೆ ನಡೆದು ನೋಡಿದರೆ ಸಾಕು. ಬಾಯಿಪಾಠ ಮಾಡಿದ ಸೂತ್ರಕ್ಕೂ ಈ ತಿಳಿವಿಗೂ ಇರುವ ಅಂತರ ದೊಡ್ಡದು.

ಲೋಗೊ 1980ರ ದಶಕದಲ್ಲಿ ಅನೇಕ ದೇಶಗಳ ಶಾಲೆಗೆ ಹೋಯಿತು. ಹೋದ ಮೇಲೆ ಬಹಳ ಕಡೆ ಅದೂ ಬೋರ್ಡಿನಿಂದ ನಕಲು ಮಾಡುವ ಪಾಠವಾಯಿತು. ಮೇಷ್ಟ್ರು ಬರೆದ ಅಪ್ಪಣೆಗಳನ್ನು ಎಲ್ಲರೂ ಒತ್ತಿ, ಎಲ್ಲರ ಪರದೆಯಲ್ಲೂ ಅದೇ ಹೂವು ಬಂದರೆ ತರಗತಿ ಮುಗಿಯಿತು. ತಪ್ಪು ಮಾಡಲು ಜಾಗವೇ ಇಲ್ಲದ ಕಡೆ ಆಮೆಯಿಂದ ಏನು ಕಲಿಯಲು ಸಾಧ್ಯ?

ಚಲಿಸುವ ರೇಖಾಗಣಿತ

ಪರದೆಯ ಮೇಲೆ ಗೆರೆ ಎಳೆದು, ಎಳೆದ ಗೆರೆಗಳ ನಡುವಿನ ಸಂಬಂಧವನ್ನು ಯಂತ್ರ ನೆನಪಿಟ್ಟುಕೊಳ್ಳುವ ಯೋಚನೆ ಹಳೆಯದು. 1963ರಲ್ಲಿ ಎಂಐಟಿಯ ಇವಾನ್ ಸದರ್‌ಲ್ಯಾಂಡ್ ಅದನ್ನು ಬೆಳಕಿನ ಪೆನ್ನಿನಿಂದ ಮಾಡಿ ತೋರಿಸಿದ್ದರು. ಶಾಲೆಯ ರೇಖಾಗಣಿತಕ್ಕೆ ಅದು ಬರಲು ಕಂಪ್ಯೂಟರ್ ಅಗ್ಗವಾಗಬೇಕಿತ್ತು, ಮೌಸ್ ಬರಬೇಕಿತ್ತು. 1980ರ ದಶಕದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜಾನ್-ಮರಿ ಲಾಬೋರ್ಡ್ ತಂಡ ಕಾಬ್ರಿ ಎಂಬ ತಂತ್ರಾಂಶ ರೂಪಿಸಿತು. ಅಮೆರಿಕದಲ್ಲಿ ನಿಕೋಲಸ್ ಜಾಕಿವ್ ಬರೆದ ಜಿಯಾಮೀಟರ್ಸ್ ಸ್ಕೆಚ್‌ಪ್ಯಾಡ್ 1991ರಲ್ಲಿ ಮಾರುಕಟ್ಟೆಗೆ ಬಂತು.

ಇವುಗಳಿಂದ ತರಗತಿಗೆ ಒಂದು ಹೊಸ ಪರೀಕ್ಷೆ ಸಿಕ್ಕಿತು: ಎಳೆದು ನೋಡುವುದು. ಕಣ್ಣಳತೆಯಲ್ಲಿ ನಾಲ್ಕು ಬಿಂದು ಇಟ್ಟು ಚೌಕ ಬರೆದರೆ ಅದು ಚೌಕದಂತೆ ಕಾಣುತ್ತದೆ, ಅಷ್ಟೇ. ಒಂದು ಮೂಲೆ ಎಳೆದ ಕೂಡಲೇ ಕೆಡುತ್ತದೆ. ಲಂಬ ಎಳೆದು, ವೃತ್ತದಿಂದ ಸಮ ಉದ್ದ ತೆಗೆದು ಕಟ್ಟಿದ ಚೌಕ, ಎಷ್ಟು ಎಳೆದರೂ ದೊಡ್ಡದೋ ಚಿಕ್ಕದೋ ಆಗುತ್ತದೆಯೇ ಹೊರತು ಚೌಕವಾಗಿಯೇ ಇರುತ್ತದೆ. 'ಹಾಗೆ ಕಾಣುತ್ತದೆ' ಮತ್ತು 'ಹಾಗೆ ಇರಲೇಬೇಕು' ಎಂಬುದರ ವ್ಯತ್ಯಾಸ ಗಣಿತದ ಜೀವಾಳ. ಕೈವಾರ, ಸ್ಕೇಲು ಹಿಡಿದು ಕಾಗದದ ಮೇಲೆ ಬರೆದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಈ ತಂತ್ರಾಂಶಗಳಿಗೆ ದುಡ್ಡು ಕೊಡಬೇಕಿತ್ತು. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಾರ್ಕುಸ್ ಹೋಹನ್‌ವಾರ್ಟರ್ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ 2001ರಲ್ಲಿ ಜಿಯೋಜೀಬ್ರಾ ಕೆಲಸ ಶುರುಮಾಡಿದರು. ಅದು ಶಾಲೆಗಳಿಗೆ ಉಚಿತವಾಗಿ ಸಿಕ್ಕಿತು. ರೇಖಾಗಣಿತ ಮತ್ತು ಬೀಜಗಣಿತ ಒಂದೇ ಪರದೆಯಲ್ಲಿ ಅಕ್ಕಪಕ್ಕ ಕೂತವು. ಗೆರೆ ಎಳೆದರೆ ಪಕ್ಕದಲ್ಲಿ ಸಮೀಕರಣ ಬದಲಾಗುತ್ತದೆ, ಸಮೀಕರಣ ತಿದ್ದಿದರೆ ಗೆರೆ ಸರಿಯುತ್ತದೆ.

ಹತ್ತನೇ ತರಗತಿಯ ವರ್ಗ ಬಹುಪದೋಕ್ತಿ ತೆಗೆದುಕೊಳ್ಳಿ. ಎ ಎಕ್ಸ್ ಸ್ಕ್ವೇರ್ ಪ್ಲಸ್ ಬಿ ಎಕ್ಸ್ ಪ್ಲಸ್ ಸಿ. ಎ, ಬಿ, ಸಿ ಮೂರಕ್ಕೂ ಒಂದೊಂದು ಸ್ಲೈಡರ್ (ಸರಿಸಿದರೆ ಬೆಲೆ ಬದಲಾಗುವ ಗುಂಡಿ) ಇಡಿ. ಸಿ ಸರಿಸಿದರೆ ಅದರ ಗ್ರಾಫ್ ಆದ ಪರವಲಯ ಮೇಲೆ-ಕೆಳಗೆ ಹೋಗುತ್ತದೆ. ಎ ಸರಿಸಿದರೆ ಅಗಲವಾಗುತ್ತದೆ, ಕಿರಿದಾಗುತ್ತದೆ, ಸೊನ್ನೆ ದಾಟಿದರೆ ತಲೆಕೆಳಗಾಗುತ್ತದೆ. ಇಷ್ಟನ್ನು ಎಲ್ಲರೂ ಊಹಿಸುತ್ತಾರೆ. ಬಿ ಸರಿಸಿದರೆ? ಎಡಕ್ಕೋ ಬಲಕ್ಕೋ ಹೋಗುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹೋಗುತ್ತದೆ, ಆದರೆ ಏರಿ ಇಳಿಯುತ್ತಾ ಹೋಗುತ್ತದೆ. ಪರವಲಯ ತಿರುಗುವ ತುದಿಯಾದ ಶೃಂಗಬಿಂದುವಿನ ಜಾಡು ಉಳಿಯುವಂತೆ ಮಾಡಿ ನೋಡಿ. ಆ ಜಾಡೇ ಇನ್ನೊಂದು ಪರವಲಯ, ಮೊದಲಿನದಕ್ಕೆ ತಲೆಕೆಳಗಾದದ್ದು. ಶೃಂಗದ ಸೂತ್ರದಿಂದ ಬಿ ಅನ್ನು ತೆಗೆದುಹಾಕಿದರೆ ಕಾಗದದ ಮೇಲೂ ಅದೇ ಬರುತ್ತದೆ. ಆ ಎರಡು ಸಾಲಿನ ಲೆಕ್ಕ ಮಾಡಲು ಮಕ್ಕಳಿಗೆ ಆಗ ಒಂದು ಕಾರಣ ಸಿಕ್ಕಿರುತ್ತದೆ.

2011ರಲ್ಲಿ ಎಲಿ ಲುಬೆರಾಫ್ ತಂದ ಡೆಸ್ಮಾಸ್ ಇದನ್ನೇ ಇನ್ನಷ್ಟು ಸರಳ ಮಾಡಿತು. ಬ್ರೌಸರ್ ತೆರೆದು ಸಮೀಕರಣ ಒತ್ತಿದರೆ ಗ್ರಾಫ್ ಬರುತ್ತದೆ.

ಕರ್ನಾಟಕದ ಶಾಲೆಗೆ ಬಂದ ದಾರಿ

ಭಾರತದ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 1984ರ ಕ್ಲಾಸ್ (CLASS) ಎಂಬ ಸರ್ಕಾರಿ ಯೋಜನೆಯಲ್ಲಿ, ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳ ಜೊತೆಗೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ದೊಡ್ಡ ಮಟ್ಟದಲ್ಲಿ ತಲುಪಿದ್ದು 2001ರ ಹೊತ್ತಿನ ಮಾಹಿತಿ ಸಿಂಧು ಯೋಜನೆಯಿಂದ. ಆಗ ಕಲಿಸುವ ಕೆಲಸ ಖಾಸಗಿ ತರಬೇತಿ ಕಂಪನಿಗಳಿಗೆ ಹೋಯಿತು. ಕಂಪ್ಯೂಟರ್ ಒಂದು ಬೇರೆ ವಿಷಯವಾಯಿತು. ಅದಕ್ಕೊಂದು ಪೀರಿಯಡ್, ಅದಕ್ಕೊಬ್ಬ ಹೊರಗಿನ ಬೋಧಕ. ಗಣಿತದ ಮೇಷ್ಟ್ರಿಗೂ ಆ ಕೋಣೆಗೂ ಸಂಬಂಧವೇ ಇರಲಿಲ್ಲ. ಗುತ್ತಿಗೆ ಮುಗಿದ ಮೇಲೆ ಎಷ್ಟೋ ಕಡೆ ಕೋಣೆಗೆ ಬೀಗ ಬಿತ್ತು. ಯುಪಿಎಸ್ ಬ್ಯಾಟರಿ ಸತ್ತಿತು.

2010ರ ದಶಕದ ಆರಂಭದಲ್ಲಿ ದಾರಿ ಬದಲಾಯಿತು. ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಶುರುಮಾಡಿದವು. ಕಂಪ್ಯೂಟರನ್ನು ಗಣಿತದ ಶಿಕ್ಷಕರ ಕೈಗೇ ಕೊಡುವುದು, ಮುಕ್ತ ತಂತ್ರಾಂಶಗಳನ್ನೇ ಬಳಸುವುದು, ಜಿಯೋಜೀಬ್ರಾದಲ್ಲಿ ಪಾಠ ಕಟ್ಟಲು ಅವರಿಗೇ ಕಲಿಸುವುದು ಇದರ ಕ್ರಮ. ಅವರು ತಯಾರಿಸಿದ್ದನ್ನು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ತಾಣದಲ್ಲಿ ಕನ್ನಡದಲ್ಲೇ ಹಂಚಿಕೊಂಡರು. ನಮ್ಮ ರಾಜ್ಯದ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಭರವಸೆ ಕೊಡುವ ಭಾಗ ಇದು. ಮೇಲಿನಿಂದ ಬಂದ ಸಿ.ಡಿ.ಯನ್ನು ಹಾಕಿ ತೋರಿಸುವವರಾಗಿದ್ದ ಮೇಷ್ಟ್ರುಗಳು ಇಲ್ಲಿ ತಾವೇ ಪಾಠ ಕಟ್ಟುವವರಾದರು. ಪಕ್ಕದ ಕೇರಳ ಇದಕ್ಕೂ ಮೊದಲೇ, 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಮೂಲಕ ಮುಕ್ತ ತಂತ್ರಾಂಶದ ಹಾದಿ ಹಿಡಿದಿತ್ತು. ಅಲ್ಲಿನ ಮಕ್ಕಳ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯಪುಸ್ತಕದಲ್ಲೇ ಜಿಯೋಜೀಬ್ರಾ ಇದೆ, ಎಸ್ಸೆಸ್ಸೆಲ್ಸಿಗೆ ಐಟಿ ಪ್ರಾಯೋಗಿಕ ಪರೀಕ್ಷೆಯೂ ಇದೆ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು, ಮೇಷ್ಟ್ರುಗಳು ವಿದ್ಯಾಗಮ ಯೋಜನೆಯಲ್ಲಿ ಊರೂರಿಗೆ ಹೋದರು. ಆ ಕಷ್ಟದಲ್ಲಿ ಅದು ದೊಡ್ಡ ಕೆಲಸ. ಆದರೆ ಡಿಜಿಟಲ್ ಕಲಿಕೆ ಅಂದರೆ ವಿಡಿಯೊ ನೋಡುವುದು ಎಂಬ ಅರ್ಥ ಗಟ್ಟಿಯಾದದ್ದೂ ಆಗಲೇ. ವಿಡಿಯೊದಲ್ಲಿ ಬಿಂದು ಚಲಿಸುತ್ತದೆ ನಿಜ. ಎಳೆಯುವವರು ಮಾತ್ರ ಬೇರೆ ಯಾರೋ. ಮಗು ಸುಮ್ನೆ ನೋಡುತ್ತಾ ಕೂರುತ್ತದೆ.

ಅದೇ ವರ್ಷ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಬ್ರೌಸರ್ ಒಳಗೆ ಆಟ, ಚಲಿಸುವ ಚಿತ್ರ ಓಡಿಸುತ್ತಿದ್ದ ತನ್ನ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ ನಿಲ್ಲಿಸಿತು. ಫ್ಲ್ಯಾಶ್‌ನಲ್ಲಿ ಮಾಡಿದ್ದ ಗಣಿತದ ಆಟಗಳು, ಪ್ರಯೋಗಗಳು ಬ್ರೌಸರ್‌ನಲ್ಲಿ ತೆರೆಯದಂತಾದವು. ಅದೇ ಕೆಲಸ ಮಾಡುತ್ತಿದ್ದ ಜಾವಾ ಆ್ಯಪ್ಲೆಟ್‌ಗಳ ಗತಿ ಅದಕ್ಕೂ ಮುಂಚೆಯೇ ಹಾಗಾಗಿತ್ತು. ಜಿಯೋಜೀಬ್ರಾ ಉಳಿದದ್ದು ಬ್ರೌಸರ್‌ಗಳು ನೇರವಾಗಿ ಓದುವ ಎಚ್‌ಟಿಎಂಎಲ್‌5ಗೆ ಬದಲಾದ್ದರಿಂದ.

ಒಡೆತನದ ಪ್ರಶ್ನೆಯೂ ಇದೆ. 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಆನ್‌ಲೈನ್ ಕಲಿಕಾ ಕಂಪನಿ ಬೈಜೂಸ್ ಜಿಯೋಜೀಬ್ರಾ ಕಂಪನಿಯನ್ನು ಕೊಂಡುಕೊಂಡಿತು. ಬೆಲೆ ಸುಮಾರು 10 ಕೋಟಿ ಡಾಲರ್ ಎಂದು ವರದಿಯಾಯಿತು. 2024ರ ಜುಲೈನಲ್ಲಿ ಬೈಜೂಸ್ ವಿರುದ್ಧದ ದಿವಾಳಿ ಅರ್ಜಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಬೆಂಗಳೂರು ಪೀಠ ವಿಚಾರಣೆಗೆ ಒಪ್ಪಿಕೊಂಡಿತು. ಲಕ್ಷಾಂತರ ತರಗತಿಗಳು ನೆಚ್ಚಿಕೊಂಡ ಉಪಕರಣ ಹೀಗೆ ಒಂದು ಕಂಪನಿಯ ಏಳುಬೀಳಿಗೆ ಸಿಕ್ಕಿಕೊಳ್ಳುವುದು ನನಗೆ ಕಳವಳ ತರುತ್ತದೆ. ಆಫ್‌ಲೈನ್‌ನಲ್ಲಿ ಓಡುವ ಅದರ ಒಂದು ಪ್ರತಿ ಶಾಲೆಗಳಲ್ಲಿ ಇರಲಿ, ಶಿಕ್ಷಕರು ಕಟ್ಟಿದ ಫೈಲುಗಳು ರಾಜ್ಯದ ಹತ್ತಿರವೂ ಇರಲಿ.

ಪರೀಕ್ಷೆ ಕೇಳದ್ದನ್ನು ಯಾರು ಕಲಿಸುತ್ತಾರೆ?

ಉಪಕರಣ ಕೊಳ್ಳುವುದಕ್ಕಿಂತ ಗಟ್ಟಿಯಾದ ಅಡ್ಡಿ ಪ್ರಶ್ನೆಪತ್ರಿಕೆಯಲ್ಲಿದೆ. ಅಮೆರಿಕದ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆ ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಡೆಸ್ಮಾಸ್ ಆ ಪರದೆಯೊಳಗೇ ಇರುತ್ತದೆ. ಹಾಗಾಗಿ ಅಲ್ಲಿನ ಮಕ್ಕಳು ಅದನ್ನು ಕಲಿಯದೆ ಬಿಡುವುದಿಲ್ಲ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಎರಡು ಸರಳರೇಖೆ ಎಳೆದು ಅವು ಕೂಡುವ ಬಿಂದು ಗುರುತಿಸಿದರೆ ಅಂಕ ಖಾತ್ರಿ. ಆ ಪ್ರಶ್ನೆ ಕೆಟ್ಟದ್ದಲ್ಲ, ಕೈಯಿಂದ ಎಳೆಯಲೂ ಬರಬೇಕು. ಆದರೆ ಒಂದು ರೇಖೆಯನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಛೇದಬಿಂದು ಎತ್ತ ಓಡುತ್ತದೆ, ಎರಡೂ ಸಮಾಂತರವಾಗುವ ಹೊತ್ತಿಗೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೆ, ಜನವರಿ ಬಂದ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು ಬಿಟ್ಟು ಲ್ಯಾಬಿಗೆ ಕರೆದೊಯ್ಯುವ ಧೈರ್ಯ ಯಾವ ಮೇಷ್ಟ್ರಿಗೆ ಬರುತ್ತದೆ?

ಇರುವ ಚೌಕಟ್ಟಿನಲ್ಲೂ ಒಂದು ಜಾಗ ಇದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಆ 20ರಲ್ಲಿ ಚಟುವಟಿಕೆಗಳಿಗೆ ಅವಕಾಶ ಇದೆ. ಅದು ಚಾರ್ಟ್ ಅಂಟಿಸುವುದರಲ್ಲಿ ಮುಗಿಯಬೇಕಿಲ್ಲ. ಎರಡು ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಇದ್ದರೂ ನಡೆಯುತ್ತದೆ. ಬಿಂದುವನ್ನು ಎಳೆಯುವ ಮೊದಲು ಏನಾಗಬಹುದು ಎಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಆಮೇಲೆ ಒಬ್ಬ ಹುಡುಗನೋ ಹುಡುಗಿಯೋ ಬಂದು ಎಳೆಯಲಿ. ಬರೆದದ್ದಕ್ಕೂ ಕಂಡದ್ದಕ್ಕೂ ಹೊಂದದಿದ್ದರೆ ಯಾಕೆ ಎಂದು ನಾಲ್ಕು ಸಾಲು ಬರೆಯಲಿ. ಅಂಕ ಕೊಡಬೇಕಾದದ್ದು ಆ ನಾಲ್ಕು ಸಾಲಿಗೆ.