ಬ್ರೇಕಿನಲ್ಲಿ ಸೋರುವ ಪೆಟ್ರೋಲು

ನಮ್ಮ ಕಾಕಾ ಅವರ ಏಳು ಸೀಟಿನ ಈಕೋ ವ್ಯಾನು ವಾರದಲ್ಲಿ ಆರು ದಿನ ಶಾಲೆಯ ಮಕ್ಕಳದ್ದು; ಹುಣ್ಣಿಮೆ, ಅಮಾವಾಸ್ಯೆ ಬಂದರೆ ಗಾಣಗಾಪುರದ ದತ್ತನ ಭಕ್ತರದ್ದು. ಕಲಬುರಗಿಯ ಸೇಡಂ ರಸ್ತೆಯ ಓಣಿಗಳಲ್ಲಿ ಮಕ್ಕಳನ್ನು ಹತ್ತಿಸಿಕೊಂಡು, ಜಗತ್ ವೃತ್ತ ದಾಟಿ, ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ತೆವಳುತ್ತಾ ಶಾಲೆ ಮುಟ್ಟುವ ಗಾಡಿ ಅದು. ಹೋದ ಫೆಬ್ರುವರಿಯಲ್ಲಿ ಕಾಕಾ ನನ್ನನ್ನು ಕರೆದು, "ಎವರೇಜು ಬಿದ್ದಿದೆ. ಓದಿದವನು ನೀನು, ಏನಾದರೂ ದಾರಿ ಹೇಳು" ಎಂದರು.

ನಮ್ಮ ಕಡೆ ಮೈಲೇಜಿಗೆ ಎವರೇಜು ಎನ್ನುತ್ತಾರೆ. ಪದ ತಪ್ಪೆಂದು ನಗುವವರಿದ್ದಾರೆ. ನನಗೇನೋ ಮೈಲೇಜಿಗಿಂತ ಇದೇ ಸರಿಯಾದ ಪದ ಅನ್ನಿಸುತ್ತದೆ, ಏಕೆಂದರೆ ಒಂದು ದಿನದ ಅಥವಾ ಒಂದು ಟ್ರಿಪ್ಪಿನ ಲೆಕ್ಕದಿಂದ ಏನೂ ತಿಳಿಯುವುದಿಲ್ಲ, ಸರಾಸರಿಯೇ ಮಾತಾಡಬೇಕು. ಹಾಗಾಗಿ ಮೊದಲ ಕೆಲಸ ಒಂದು ನೋಟ್‌ಬುಕ್ ಕೊಂಡದ್ದು. ಒಂದೇ ಪೆಟ್ರೋಲ್ ಪಂಪಿನಲ್ಲಿ, ನಳಿಕೆ ತಾನೇ ಟಕ್ಕೆಂದು ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಓಡಿದ ಕಿಲೋಮೀಟರನ್ನೂ ಹಾಕಿದ ಲೀಟರನ್ನೂ ಬರೆಯಬೇಕು. ಮೂರು ಸಲ ಹೀಗೆ ಮಾಡಿ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು. ಇನ್ನೂರು ರೂಪಾಯಿಗೆ, ಮುನ್ನೂರು ರೂಪಾಯಿಗೆ ಹಾಕಿಸುತ್ತಾ ಹೋದರೆ ಲೆಕ್ಕ ಯಾವ ಜನ್ಮಕ್ಕೂ ಹೊಂದುವುದಿಲ್ಲ. ಕಾಕಾ ಅವರ ಸರಾಸರಿ ಲೀಟರಿಗೆ ಹನ್ನೆರಡಕ್ಕಿಂತ ತುಸು ಕೆಳಗಿತ್ತು. ಈ ಗಾಡಿಗೆ ಕಂಪನಿ ಹೇಳುವುದು 19.71 ಕಿಲೋಮೀಟರ್. ಅದು ಪ್ರಯೋಗಾಲಯದ ಸಂಖ್ಯೆ. ಅಲ್ಲಿ ಸೂಪರ್ ಮಾರ್ಕೆಟ್ ಇಲ್ಲ, ದಾರಿಗೆ ಅಡ್ಡ ಬರುವ ಎಮ್ಮೆಯೂ ಇಲ್ಲ. ಆದರೂ ಹನ್ನೆರಡು ತೀರಾ ಕಡಿಮೆಯಾಯಿತು.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಅಡಗಿದೆ. ಅದರಲ್ಲಿ ಕಾಲು ಪಾಲು ಚಕ್ರಕ್ಕೆ ಮುಟ್ಟಿದರೆ ಪುಣ್ಯ. ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯ ಕೊಳವೆಯಿಂದಲೂ ರೇಡಿಯೇಟರಿನಿಂದಲೂ ಬರೀ ಬಿಸಿಯಾಗಿ ಹೋಗುತ್ತದೆ. ಎಂಜಿನ್ನಿನ ಒಳಗಿನ ತಿಕ್ಕಾಟವೂ ತನ್ನ ಪಾಲು ತಿನ್ನುತ್ತದೆ. ಹಾಗಿದ್ದೂ ಉಳಿದ 8 ಮೆಗಾಜೂಲ್ ಸಣ್ಣದೇನಲ್ಲ: ಒಂದು ಜೋಡಿ ಎತ್ತು ಎರೆಹೊಲದಲ್ಲಿ ಸುಮಾರು ಮೂರು ಗಂಟೆ ನೇಗಿಲು ಎಳೆಯುವಷ್ಟು ಕೆಲಸ. ಆ ಮೂರು ಗಂಟೆಯ ದುಡಿಮೆ ಎಲ್ಲಿ ಖರ್ಚಾಗುತ್ತದೆ ಎಂಬುದೇ ಪ್ರಶ್ನೆ. ಅದು ಹೋಗುವ ದಾರಿಗಳು ನಾಲ್ಕೇ: ಗಾಳಿಯನ್ನು ಸೀಳುವುದಕ್ಕೆ, ಟೈರು ಉರುಳುವುದಕ್ಕೆ, ದಿಬ್ಬ ಏರುವುದಕ್ಕೆ, ಮತ್ತೆ ಬ್ರೇಕಿಗೆ.

ಬ್ರೇಕ್ ಪೆಟ್ರೋಲು ಕುಡಿಯುವುದಿಲ್ಲವಲ್ಲ ಎಂದರು ಕಾಕಾ. ಕುಡಿಯುವುದಿಲ್ಲ, ಆದರೆ ಮೊದಲೇ ಸುಟ್ಟ ಪೆಟ್ರೋಲನ್ನು ಚೆಲ್ಲುತ್ತದೆ. ಜನ ತುಂಬಿದ ಈಕೋ ಸುಮಾರು 1,400 ಕೆಜಿ ತೂಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 135 ಕಿಲೋಜೂಲ್. ಬ್ರೇಕ್ ಒತ್ತಿ ನಿಲ್ಲಿಸಿದಿರೋ, ಅಷ್ಟೂ ಶಕ್ತಿ ಬ್ರೇಕ್ ತಟ್ಟೆಯ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಮತ್ತೆ ಅದೇ ವೇಗಕ್ಕೆ ಏರಿಸಲು, ಎಂಜಿನ್ನಿನ ನಷ್ಟವನ್ನೂ ಕೂಡಿಸಿ, ಹದಿನೆಂಟು ಇಪ್ಪತ್ತು ಮಿಲಿಲೀಟರ್ ಪೆಟ್ರೋಲು ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ಒಂದು ಸಲಕ್ಕೆ ಹೆಚ್ಚು ಕಡಿಮೆ ಎರಡು ರೂಪಾಯಿ. ಕಲಬುರಗಿಯಿಂದ ಚೌಡಾಪುರದ ಮೇಲೆ ಗಾಣಗಾಪುರಕ್ಕೆ ಹೋಗುವಾಗ ಪ್ರತಿ ಊರಿನ ಮುಂದೂ ರಸ್ತೆ ಉಬ್ಬುಗಳಿವೆ. ಹೋಗಿ ಬರುವಾಗ ಇಪ್ಪತ್ತು ಸಲ ಗಕ್ಕನೆ ಬ್ರೇಕ್ ಒತ್ತಿದರೆ ನಲವತ್ತು ರೂಪಾಯಿ ಬಿಸಿಗಾಳಿಯಾಯಿತು. ಉಬ್ಬು ಕಟ್ಟಿದವರನ್ನು ಬೈಯುವುದು ನಮ್ಮ ರೂಢಿ. ಅದರ ಬದಲು ಉಬ್ಬು ಇನ್ನೂ ಇನ್ನೂರು ಮೀಟರ್ ದೂರ ಇರುವಾಗಲೇ ಎಕ್ಸಲರೇಟರಿನಿಂದ ಕಾಲು ತೆಗೆದರೆ, ಅದೇ ಚಲನಶಕ್ತಿ ಗಾಡಿಯನ್ನು ಅಷ್ಟು ದೂರ ಪುಕ್ಕಟೆಯಾಗಿ ಒಯ್ಯುತ್ತದೆ, ಬ್ರೇಕಿಗೆ ಸ್ವಲ್ಪವೇ ಉಳಿಯುತ್ತದೆ.

ಇಲ್ಲೇ ಒಂದು ಹಳೆಯ ನಂಬಿಕೆ ಎದುರಾಗುತ್ತದೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲು ಉಳಿಯುತ್ತದೆ ಎಂಬುದು. ಕಾರ್ಬ್ಯುರೇಟರ್ ಇದ್ದ ಹಳೆಯ ಓಮ್ನಿಗಳ ಕಾಲದಲ್ಲಿ ಆ ಮಾತಿನಲ್ಲಿ ಅಷ್ಟಿಷ್ಟು ಹುರುಳಿತ್ತು. ಗಾಡಿಯ ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲು ಸಿಂಪಡಿಸುವ ಇಂಜೆಕ್ಟರ್ ಇರುವ ಈಗಿನ ಎಂಜಿನ್ನುಗಳ ಲೆಕ್ಕ ತಿರುಗುಮುರುಗು. ಗಾಡಿ ಗೇರಿನಲ್ಲಿದ್ದು, ಕಾಲು ಎಕ್ಸಲರೇಟರ್ ಮೇಲಿಲ್ಲದಿದ್ದರೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಕಂಪ್ಯೂಟರ್ ಅದನ್ನು ಗುರುತಿಸಿ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆರದಂತೆ ನೋಡಿಕೊಳ್ಳಲು ಮತ್ತೆ ಪೆಟ್ರೋಲು ಹನಿಸಬೇಕಾಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವ ಮಹಾನುಭಾವರಿಗೆ ಹೇಳುವುದೇನೆಂದರೆ, ಬ್ರೇಕಿಗೆ ಬಲ ಕೊಡುವ ನಿರ್ವಾತ ಹುಟ್ಟುವುದೇ ಓಡುವ ಎಂಜಿನ್ನಿನಿಂದ. ಎರಡು ಸಲ ಒತ್ತುವಷ್ಟರಲ್ಲಿ ಅದು ಮುಗಿದು ಪೆಡಲ್ ಕಲ್ಲಾಗುತ್ತದೆ.

ಗಾಳಿಯ ವಿಷಯಕ್ಕೆ ಬಂದರೆ ವ್ಯಾನು ಎಂದರೆ ಗಾಲಿ ಹಚ್ಚಿದ ಕಪಾಟು. ಎತ್ತರ ಒಂದು ಮೀಟರ್ ಎಂಬತ್ತು ಸೆಂಟಿಮೀಟರಿಗೂ ಮೇಲೆ, ಮುಖ ಚಪ್ಪಟೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರವತ್ತರಲ್ಲಿ ಇದ್ದ ತಡೆ ಎಂಬತ್ತರಲ್ಲಿ ಒಂದೂಮುಕ್ಕಾಲು ಪಟ್ಟು, ನೂರರಲ್ಲಿ ಎರಡೂಮುಕ್ಕಾಲು ಪಟ್ಟು ಆಗುತ್ತದೆ. ಟೈರಿನ ತಡೆ ಅಷ್ಟಾಗಿ ಬದಲಾಗುವುದಿಲ್ಲ. ನನ್ನ ಅಂದಾಜಿನಲ್ಲಿ ಈ ಗಾಡಿಗೆ ಅರವತ್ತರ ಆಸುಪಾಸಿನಲ್ಲಿ ಎರಡೂ ಸಮಸಮ, ಅಲ್ಲಿಂದ ಮೇಲೆ ಗಾಳಿಯದ್ದೇ ದರ್ಬಾರು. ಗಾಣಗಾಪುರಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಎಂಬತ್ತರಲ್ಲಿ ಹೋದರೆ ಅರವತ್ತರಲ್ಲಿ ಹೋದುದಕ್ಕಿಂತ ಹತ್ತು ನಿಮಿಷ ಮುಂಚೆ ತಲುಪುತ್ತೀರಿ, ಅದೂ ಉಬ್ಬುಗಳೇ ಇಲ್ಲದಿದ್ದರೆ. ತಲೆಯ ಮೇಲಿನ ಕ್ಯಾರಿಯರಿಗೆ ಗಂಟು ಮೂಟೆ ಏರಿಸಿದರೆ ಕಪಾಟು ಇನ್ನಷ್ಟು ಎತ್ತರವಾಯಿತು. ವರ್ಷದಲ್ಲಿ ನಾಲ್ಕು ಸಲ ಬೇಕಾಗುವ ಕ್ಯಾರಿಯರನ್ನು ಮುನ್ನೂರ ಅರವತ್ತು ದಿನ ಹೊತ್ತು ತಿರುಗುವ ವ್ಯಾನುಗಳು ನಮ್ಮ ಊರಲ್ಲಿ ಬೇಕಾದಷ್ಟಿವೆ. ಒಂದು ಸಮಾಧಾನವೂ ಉಂಟು: 42 ಡಿಗ್ರಿ ಬಿಸಿಲಿನ ಗಾಳಿ 20 ಡಿಗ್ರಿಯ ಗಾಳಿಗಿಂತ ಶೇಕಡಾ 7ರಷ್ಟು ತೆಳು. ಅಷ್ಟರಮಟ್ಟಿಗೆ ಕಲಬುರಗಿಯ ಬಿಸಿಲು ನಮ್ಮ ಪೆಟ್ರೋಲು ಉಳಿಸುತ್ತದೆ. ಉಳಿಸಿದ್ದನ್ನು ಎಸಿ ನುಂಗುತ್ತದೆ.

ಬೀದರಿನ ಬಾಡಿಗೆ ಬಂದರೆ ದಿಬ್ಬದ ಲೆಕ್ಕವೂ ಸೇರುತ್ತದೆ. ಬೀದರ್ ನಮಗಿಂತ ಸುಮಾರು ಇನ್ನೂರು ಮೀಟರ್ ಎತ್ತರದಲ್ಲಿದೆ. ಅಷ್ಟು ಭಾರವನ್ನು ಅಷ್ಟು ಮೇಲೆ ಎತ್ತಲು ಮೂರನೇ ಒಂದು ಲೀಟರಿಗೂ ಹೆಚ್ಚು ಪೆಟ್ರೋಲು ಬೇಕು. ಬರುವಾಗ ಅದರಲ್ಲಿ ಒಂದಷ್ಟು ವಾಪಸ್ ಸಿಗುತ್ತದೆ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯದಿದ್ದರೆ.

ಗೇರಿನ ಬಗ್ಗೆ ಕಾಕಾ ಅವರಿಗೆ ಒಪ್ಪಿಸುವುದು ಕಷ್ಟವಾಯಿತು. ಎಂಜಿನ್ ಹೆಚ್ಚು ಸುತ್ತಿದರೆ ಹಗುರವಾಗಿ ಓಡುತ್ತದೆ ಎಂದು ಅವರು ಮೂರನೇ ಗೇರಿನಲ್ಲೇ ಊರೆಲ್ಲ ಸುತ್ತುತ್ತಿದ್ದರು. ಎಳನೀರಿನ ಕೊಳವೆಯನ್ನು ಬೆರಳಿನಿಂದ ಹಿಸುಕಿಕೊಂಡು ಕುಡಿದು ನೋಡಿ, ಕೆನ್ನೆ ನೋಯುತ್ತದೆ. ಪೆಟ್ರೋಲ್ ಎಂಜಿನ್ನಿನ ಪಾಡು ಅದೇ. ಎಕ್ಸಲರೇಟರನ್ನು ಸ್ವಲ್ಪವೇ ಒತ್ತಿದಾಗ ಗಾಳಿಯ ದಾರಿಯ ಬಾಗಿಲು ಅರೆಮುಚ್ಚಿರುತ್ತದೆ. ಆ ಸಂದಿನಿಂದ ಉಸಿರು ಎಳೆದುಕೊಳ್ಳುವುದಕ್ಕೇ ಪಿಸ್ಟನ್ನುಗಳು ದುಡಿಯಬೇಕು. ಮೇಲಿನ ಗೇರಿಗೆ ಹಾಕಿದರೆ ಸುತ್ತು ಕಡಿಮೆಯಾಗುತ್ತದೆ, ಬಾಗಿಲು ಹೆಚ್ಚು ತೆರೆಯುತ್ತದೆ, ಉಸಿರಾಟದ ಖರ್ಚು ಇಳಿಯುತ್ತದೆ. ಎಂಜಿನ್ ಕುಲುಕಾಡದಿದ್ದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಹನ್ನೆರಡರ ಗುಟ್ಟು ತಿಳಿದಿರಲಿಲ್ಲ. ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸುವ ಚಿಕ್ಕ ಸ್ಕ್ಯಾನರೊಂದನ್ನು ಗೆಳೆಯನಿಂದ ಎರವಲು ತಂದು ಮೊಬೈಲಿಗೆ ಜೋಡಿಸಿದೆ. ಅರ್ಧ ಗಂಟೆ ಓಡಿದ ಮೇಲೂ ಎಂಜಿನ್ನಿನ ನೀರು 62 ಡಿಗ್ರಿ ತೋರಿಸುತ್ತಿತ್ತು. ಇರಬೇಕಾದದ್ದು ತೊಂಬತ್ತರ ಹತ್ತಿರ. ಕೇಳಿದರೆ, ಹಿಂದಿನ ಬೇಸಿಗೆಯಲ್ಲಿ ಮಿಸ್ತ್ರಿಯೊಬ್ಬರು "ನಮ್ಮ ಬಿಸಿಲಿಗೆ ಇದು ಬೇಡ" ಎಂದು ಥರ್ಮೋಸ್ಟಾಟ್ ವಾಲ್ವ್ ಕಿತ್ತುಹಾಕಿದ್ದರಂತೆ. ನಮ್ಮ ಕಡೆ ಇದು ಅಪರೂಪದ ಸಲಹೆಯಲ್ಲ.

ಆ ವಾಲ್ವಿನ ಒಳಗಿರುವುದು ಒಂದು ಡಬ್ಬಿ ಮೇಣ. ನೀರು ಎಂಬತ್ತು ಚಿಲ್ಲರೆ ಡಿಗ್ರಿ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ, ಆಗ ನೀರು ರೇಡಿಯೇಟರಿಗೆ ಹರಿಯುತ್ತದೆ. ತಣ್ಣಗಾದರೆ ಮೇಣ ಕುಗ್ಗಿ ಬಾಗಿಲು ಮುಚ್ಚುತ್ತದೆ. ವಿದ್ಯುತ್ತಿಲ್ಲ, ಕಂಪ್ಯೂಟರಿಲ್ಲ, ಇಷ್ಟು ಜಾಣ ಸಾಧನ ಗಾಡಿಯಲ್ಲಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಅದನ್ನು ಕಿತ್ತರೆ ನೀರು ಸದಾ ರೇಡಿಯೇಟರಿನಲ್ಲಿ ಸುತ್ತುತ್ತಾ ಎಂಜಿನ್ ಬಿಸಿಯೇ ಆಗುವುದಿಲ್ಲ. ನಮಗೆ 42 ಡಿಗ್ರಿ ಬೆಂಕಿ; ಎಂಜಿನ್ನಿಗೆ ಅದು ಚಳಿ. ತಣ್ಣನೆಯ ಗೋಡೆಗೆ ತಾಗಿದ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಹಾಗಾಗಿ ಕಂಪ್ಯೂಟರ್, ಗಾಡಿ ಈಗಷ್ಟೇ ಚಾಲೂ ಆಗಿದೆ ಎಂದುಕೊಂಡು ಹೆಚ್ಚು ಪೆಟ್ರೋಲು ಹಾಕುತ್ತಲೇ ಇರುತ್ತದೆ. ಆಯಿಲ್ ದಪ್ಪಗೇ ಉಳಿದು ತಿಕ್ಕಾಟ ಹೆಚ್ಚುತ್ತದೆ, ಸುಡದ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಸವಕಲು ಮಾಡುತ್ತದೆ. ಹೊಸ ವಾಲ್ವ್ ಹಾಕಿಸಿ, ಸರಿಯಾದ ಕೂಲೆಂಟ್ ತುಂಬಿಸಿದೆವು. ಮೊಬೈಲಿನಲ್ಲಿ 88 ಬಂದಾಗ ಕಾಕಾ ಗಾಬರಿಯಾಗಿ, "ಗಾಡಿಗೆ ಜ್ವರ ಬಂದಂತಿದೆಯಲ್ಲೋ ತಮ್ಮಾ" ಎಂದರು. ಮುಂದಿನ ಮೂರು ಟ್ಯಾಂಕಿನ ಸರಾಸರಿ ಹದಿನಾಲ್ಕರ ಹತ್ತಿರ ಬಂತು. ಗೇರಿನ ಮತ್ತು ಉಬ್ಬಿನ ಪಾಠಗಳೂ ಆಗಲೇ ಶುರುವಾಗಿದ್ದರಿಂದ ವಾಲ್ವಿನ ಪಾಲು ಎಷ್ಟೆಂದು ಬೇರ್ಪಡಿಸಲಾಗಲಿಲ್ಲ. ಪ್ರಯೋಗಶಾಸ್ತ್ರದ ದೃಷ್ಟಿಯಿಂದ ಅದು ನನ್ನದೇ ತಪ್ಪು.

ಟೈರಿನ ಹವಾ ಇನ್ನೊಂದು ಜಗಳ. ಬೇಸಿಗೆಯಲ್ಲಿ ಹವಾ ಹಿಗ್ಗಿ ಟೈರು ಸಿಡಿಯುತ್ತದೆ, ಆದ್ದರಿಂದ ಕಡಿಮೆ ಇರಲಿ ಎಂಬುದು ಪಂಕ್ಚರ್ ಅಂಗಡಿಗಳ ವೇದವಾಕ್ಯ. ಹಿಗ್ಗುವುದು ನಿಜ: 25 ಡಿಗ್ರಿಯಲ್ಲಿ 33 ಪಿಎಸ್‌ಐ ಒತ್ತಡ ಇದ್ದದ್ದು 45 ಡಿಗ್ರಿಯಲ್ಲಿ 36ರ ಆಸುಪಾಸು ಆಗುತ್ತದೆ. ಟೈರು ಅಷ್ಟನ್ನು ತಡೆಯುವಂತೆಯೇ ತಯಾರಾಗಿರುತ್ತದೆ. ಹವಾ ಕಡಿಮೆಯಿದ್ದರೆ ಟೈರಿನ ಪಕ್ಕೆ ಸುತ್ತುಸುತ್ತಿಗೂ ಮಡಚಿ ಬಿಚ್ಚಿ ಒಳಗಿನಿಂದ ಬಿಸಿಯಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬೆರಳಿಗೆ ಬಿಸಿ ತಾಗುವುದಿಲ್ಲವೇ, ಹಾಗೆ. ಸಿಡಿಯುವುದು ಹೆಚ್ಚಾಗಿ ಇಂಥ ಟೈರೇ. ಆ ಬಿಸಿಗೂ ಪೆಟ್ರೋಲೇ ಖರ್ಚು. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ತಣ್ಣಗಿರುವಾಗ, ಕಂಪನಿ ಬರೆದಷ್ಟು ಹವಾ ಇರಬೇಕು; ಮಧ್ಯಾಹ್ನ ಎರಡಕ್ಕೆ ಅಳೆದು ತೆಗೆಸಬಾರದು. ನೈಟ್ರೋಜನ್ನಿಗೆ ಬೇರೆ ದುಡ್ಡು ಕೊಡುವವರು ನೆನಪಿಡಲಿ, ಪುಕ್ಕಟೆ ಹವಾದಲ್ಲಿ ಆಗಲೇ ಶೇಕಡಾ 78 ನೈಟ್ರೋಜನ್ ಇದೆ. ಟ್ರಿಪ್ ಮುಗಿಸಿದ ಮೇಲೆ ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ: ಒಂದು ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ.

ಏರ್ ಫಿಲ್ಟರಿನ ವಿಷಯದಲ್ಲಿ ನಾನೇ ತಪ್ಪು ತಿಳಿದಿದ್ದೆ. ಶಹಾಬಾದ ಕಲ್ಲಿನ ಪುಡಿ, ಸೇಡಂ ಕಡೆಯ ಸಿಮೆಂಟ್ ಧೂಳು ಕಟ್ಟಿದ ಫಿಲ್ಟರ್ ಎವರೇಜು ಕೆಡಿಸುತ್ತದೆ ಎಂದೇ ನಂಬಿದ್ದೆ. ಇಂಜೆಕ್ಟರ್ ಗಾಡಿಗಳಲ್ಲಿ ಕಂಪ್ಯೂಟರ್ ಬಂದಷ್ಟೇ ಗಾಳಿಗೆ ತಕ್ಕಷ್ಟೇ ಪೆಟ್ರೋಲು ಹಾಕುವುದರಿಂದ ಕುಂದುವುದು ಎಳೆತ, ಎವರೇಜು ಅಷ್ಟಾಗಿ ಅಲ್ಲ. ಫಿಲ್ಟರ್ ಬದಲಿಸಬೇಕಾದದ್ದು ಎಂಜಿನ್ನಿನ ಆಯುಷ್ಯಕ್ಕಾಗಿ. ಬೆಳಗಿನ ತಂಪಿನಲ್ಲಿ ತುಂಬಿಸಿದರೆ ಹೆಚ್ಚು ಪೆಟ್ರೋಲು ಬರುತ್ತದೆ ಎಂಬ ಮಾತಿಗೂ ಬಲವಿಲ್ಲ: ಹತ್ತು ಡಿಗ್ರಿಗೆ ಪೆಟ್ರೋಲು ಹಿಗ್ಗುವುದು ಶೇಕಡಾ ಒಂದರಷ್ಟು, ನೆಲದಡಿಯ ಟ್ಯಾಂಕಿನಲ್ಲಿ ಹಗಲಿಗೂ ರಾತ್ರಿಗೂ ಹತ್ತು ಡಿಗ್ರಿ ಅಂತರ ಬರುವುದೇ ಇಲ್ಲ. ಎವರೇಜು ಹೆಚ್ಚುತ್ತದೆಂದು ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತದ ಬಗ್ಗೆ ಬರೆದು ಕಾಗದ ಹಾಳು ಮಾಡುವುದಿಲ್ಲ.

ನಿಜವಾಗಿ ಎವರೇಜು ಕಡಿಮೆ ಮಾಡಿದ ಒಂದು ಬದಲಾವಣೆ ನಮ್ಮ ಕೈಯಲ್ಲಿಲ್ಲ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇದೆ. ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಸುಮಾರು 21 ಮೆಗಾಜೂಲ್, ಪೆಟ್ರೋಲಿನ ಮೂರನೇ ಎರಡು ಪಾಲು. ಮಿಶ್ರಣದ ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇಕಡಾ 7ರಷ್ಟು ಶಕ್ತಿ ಕಡಿಮೆ. ಎಂಜಿನ್ ಅದಕ್ಕೆಂದೇ ಹೊಂದಿಸಿದ್ದರೆ ನಷ್ಟ ಇಷ್ಟಾಗುವುದಿಲ್ಲ. ಹಳೆಯ ಗಾಡಿಗಳಲ್ಲಿ ರಬ್ಬರ್ ಪೈಪುಗಳ ಮೇಲೂ ಕಣ್ಣಿಡಬೇಕು. ಆಳಂದ, ಅಫಜಲಪುರದಂಥ ಕಬ್ಬಿನ ತಾಲ್ಲೂಕುಗಳಿರುವ ಜಿಲ್ಲೆಯವನಾಗಿ ಎಥೆನಾಲನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಕಾಕಾ ಅವರಿಗೆ ಬರುತ್ತದೆ.

ಕೊನೆಗೆ ಅವರು ಕೇಳಿದ್ದು ಸಿಎನ್‌ಜಿ ಹಾಕಿಸಲೇ ಎಂದು. ಒಂದು ಕೆಜಿ ಗ್ಯಾಸಿನಲ್ಲಿ ಒಂದೂವರೆ ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇರುತ್ತದೆ. ಕಂಪನಿಯ ಲೆಕ್ಕದಲ್ಲಿ ಇದೇ ವ್ಯಾನು ಕೆಜಿಗೆ 26.78 ಕಿಲೋಮೀಟರ್ ಓಡುತ್ತದೆ. ಅದೇ ಅನುಪಾತದಲ್ಲಿ ನಮ್ಮ ಹದಿನಾಲ್ಕು ಹತ್ತೊಂಬತ್ತಾಗುತ್ತದೆ. ಪೆಟ್ರೋಲಿಗೆ ನೂರು, ಗ್ಯಾಸಿಗೆ ತೊಂಬತ್ತು ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ ಏಳು ರೂಪಾಯಿ ಚಿಲ್ಲರೆಯ ಬದಲು ಐದಕ್ಕೂ ಕಡಿಮೆ. ಕಿಟ್ಟಿಗೆ ಅರವತ್ತು ಸಾವಿರ ಬಿತ್ತು ಅಂದುಕೊಳ್ಳಿ, ಇಪ್ಪತ್ತೈದು ಸಾವಿರ ಕಿಲೋಮೀಟರಿಗೆ ಅಸಲು ವಾಪಸ್. ತಿಂಗಳಿಗೆ ಸಾವಿರದ ಐನೂರು ಕಿಲೋಮೀಟರ್ ಓಡುವ ಗಾಡಿಗೆ ಅದು ಹದಿನೇಳು ತಿಂಗಳು. ಬರೀ ಮನೆಮಂದಿ ತಿರುಗುವ, ತಿಂಗಳಿಗೆ ಐನೂರು ಓಡುವ ಗಾಡಿಗೆ ನಾಲ್ಕು ವರ್ಷಕ್ಕೂ ಮೇಲೆ. ಎಂಜಿನ್ನಿನ ಬಲ ಸುಮಾರು 81 ಅಶ್ವಶಕ್ತಿಯಿಂದ 72ಕ್ಕೆ ಇಳಿಯುತ್ತದೆ, ಏಕೆಂದರೆ ಗ್ಯಾಸು ಸಿಲಿಂಡರಿನೊಳಗೆ ಗಾಳಿಯ ಜಾಗವನ್ನೂ ಆಕ್ರಮಿಸುತ್ತದೆ. ಗ್ಯಾಸ್ ತೊಟ್ಟಿಯ ಒತ್ತಡ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಆಗಲೇಬೇಕು, ಆರ್‌ಸಿ ಪುಸ್ತಕದಲ್ಲಿ ನಮೂದಾಗಬೇಕು. ಅಡುಗೆ ಸಿಲಿಂಡರ್ ಇಟ್ಟು ಓಡಿಸುವ ಹಳೆಯ ಚಾಳಿ ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಮಕ್ಕಳಿರುವ ಗಾಡಿಯಲ್ಲಿ ಅದರ ಮಾತೇ ಬೇಡ.

ಕಾಕಾ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ವ್ಯಾನಿನ ಹಿಂದಿನ ಬಾಗಿಲು ಎತ್ತಿ, ತೊಟ್ಟಿ ಕೂರುವ ಜಾಗವನ್ನು ಗೇಣು ಹಾಕಿ ಅಳೆದರು. "ಹದಿನೇಳು ತಿಂಗಳಾದರೆ ಆಗಲಿ. ಮಕ್ಕಳ ಪಾಟಿಚೀಲ ಎಲ್ಲಿ ಇಡಲಿ?" ಎಂದರು. ತಲೆಯ ಮೇಲಿನ ಕ್ಯಾರಿಯರ್ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ.