ಲಾಂಗ್‌ಹೌಸ್: ದನಕ್ಕೂ ಜನಕ್ಕೂ ಒಂದೇ ಬಾಗಿಲು

ಹೆಸರು ಕೇಳಿದರೆ ಉದ್ದನೆಯ ಮನೆ ಅಂತ ಅನ್ನಿಸುತ್ತದೆ. ಅರ್ಥ ಅಷ್ಟೇ ಆಗಿದ್ದರೆ ಈ ಬರಹವೇ ಬೇಕಿರಲಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಉದ್ದದ ಮನೆಗಳಿಗೇನೂ ಬರವಿಲ್ಲ, ಆದರೆ ಅವೆಲ್ಲ ಲಾಂಗ್‌ಹೌಸ್ ಅಲ್ಲ. ಒಂದೇ ಸೂರು, ಒಂದೇ ಬಾಗಿಲು. ಒಂದು ತುದಿಯಲ್ಲಿ ರೈತನ ಸಂಸಾರ, ಇನ್ನೊಂದು ತುದಿಯಲ್ಲಿ ಅವನ ದನಗಳು. ಹೀಗಿದ್ದರೆ ಮಾತ್ರ ಅದು ಲಾಂಗ್‌ಹೌಸ್. (ಬೋರ್ನಿಯೋದಲ್ಲಿ ಹತ್ತಾರು ಕುಟುಂಬಗಳು ಒಟ್ಟಿಗೆ ಇರುವ ಮನೆಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಅದರ ಕತೆಯೇ ಬೇರೆ.)

ಈ ಮನೆಗಳು ಚೆನ್ನಾಗಿ ಉಳಿದಿರುವುದು ಡಾರ್ಟ್‌ಮೂರ್‌ನಲ್ಲಿ. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಕೌಂಟಿಯಲ್ಲಿರುವ ಬೋಳು ಗುಡ್ಡಗಳ ಸೀಮೆ ಅದು. ಮಳೆ, ಮಂಜು, ಬೀಸುಗಾಳಿ, ಕಾಲಿಟ್ಟಲ್ಲೆಲ್ಲ ಗ್ರಾನೈಟ್. ಮನೆ ಕಟ್ಟುವವರು ಕ್ವಾರಿ ತೋಡುವ ಗೋಜಿಗೆ ಹೋಗಲಿಲ್ಲ. ನೆಲದ ಮೇಲೇ ಬಿದ್ದಿದ್ದ ಬಂಡೆಗಳನ್ನು ಸೀಳಿ ತಂದರು. ಅಲ್ಲಿನವರು ಆ ಕಲ್ಲಿಗೆ ಮೂರ್‌ಸ್ಟೋನ್ ಎನ್ನುತ್ತಾರೆ. ಸೀಳಿದ ಗುರುತು ನೋಡಿ ಕಾಲವನ್ನೂ ಅಂದಾಜು ಮಾಡಬಹುದು. ಸುಮಾರು 1800ಕ್ಕಿಂತ ಹಿಂದೆ ಬಂಡೆಯಲ್ಲಿ ಉದ್ದನೆಯ ಕಚ್ಚು ಕೊರೆದು ಬೆಣೆ ಹೊಡೆಯುತ್ತಿದ್ದರು. ಆಮೇಲೆ ಸಾಲಾಗಿ ದುಂಡನೆಯ ತೂತು ಕೊರೆಯುವ ಪದ್ಧತಿ ಬಂತು. ಗೋಡೆಯ ಕಲ್ಲಿನ ಅಂಚಿನಲ್ಲಿ ದುಂಡನೆಯ ಅರ್ಧ ತೂತುಗಳು ಕಂಡರೆ ಆ ಭಾಗ ತೀರಾ ಹಳೆಯದಲ್ಲ.

ಮನೆಯನ್ನು ಇಳಿಜಾರಿಗೆ ಅಡ್ಡವಾಗಿ ಅಲ್ಲ, ಇಳಿಜಾರಿನ ಉದ್ದಕ್ಕೇ ಕಟ್ಟುತ್ತಿದ್ದರು. ಮೇಲಿನ ತುದಿ ಜನಕ್ಕೆ, ಕೆಳಗಿನ ತುದಿ ದನಕ್ಕೆ. ಕಾರಣ ಗೊತ್ತಾಯ್ತಲ್ವಾ? ಗಂಜಲ ಮೇಲಕ್ಕೆ ಹರಿಯುವುದಿಲ್ಲ. ಕೊಟ್ಟಿಗೆಯ ನಡುವೆ ಕಲ್ಲಿನ ಕಾಲುವೆ. ದನಗಳನ್ನು ಎರಡೂ ಪಕ್ಕದ ಗೋಡೆಗೆ ಮುಖ ಮಾಡಿ ಕಟ್ಟುತ್ತಿದ್ದರು. ಬಾಲದ ಕಡೆ ಬಿದ್ದದ್ದೆಲ್ಲ ಕಾಲುವೆಗೆ ಸೇರಿ, ಕೊನೆಯ ಗೋಡೆಯ ಬುಡದಲ್ಲಿದ್ದ ತೂತಿನಿಂದ ಹೊರಗೆ. ಮೇಲೆ ಹುಲ್ಲಿನ ಅಟ್ಟ. ಈ ಕೊಟ್ಟಿಗೆಗೆ ಅಲ್ಲಿನ ಮಾತಿನಲ್ಲಿ ಶಿಪ್ಪನ್ ಎಂದು ಹೆಸರು.

ಎರಡು ತುದಿಗಳ ನಡುವೆ ಒಂದು ಓಣಿ. ಮನೆಯ ಮುಂಬಾಗಿಲಿನಿಂದ ಹಿಂಬಾಗಿಲಿಗೆ ನೇರವಾಗಿ ಹೋಗುವ ಈ ಓಣಿಗೆ ಕ್ರಾಸ್ ಪ್ಯಾಸೇಜ್ ಎನ್ನುತ್ತಾರೆ. ಸಂಜೆ ದನ ಬಂದದ್ದೂ ಇದೇ ಬಾಗಿಲಿನಿಂದ, ನೆಂಟರು ಬಂದದ್ದೂ ಇದೇ ಬಾಗಿಲಿನಿಂದ. ದನ ಒಂದು ಕಡೆ ತಿರುಗಿದರೆ ಜನ ಇನ್ನೊಂದು ಕಡೆ. ನಮ್ಮ ಉತ್ತರ ಕರ್ನಾಟಕದ ಹಳೇ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ, ಎತ್ತರದ ಪಡಸಾಲೆಯಲ್ಲಿ ಜನ ಇರುವುದನ್ನು ಕಂಡವರಿಗೆ ಇದೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ.

ಮೇಲಿನ ತುದಿಯ ದೊಡ್ಡ ಕೋಣೆಯೇ ಹಾಲ್. ನಾವು ಟಿವಿ ಇಡುವ ಜಾಗಕ್ಕೆ ಇಟ್ಟಿರುವ ಅದೇ ಹೆಸರು. ಆಗ ಅಡುಗೆ, ಊಟ, ನಿದ್ದೆ ಎಲ್ಲ ಅಲ್ಲೇ. ಮೇಲೆ ಮಹಡಿ ಇರಲಿಲ್ಲ, ನೇರ ಸೂರು. ನೆಲದ ನಡುವೆ ಬೆಂಕಿ. ಚಿಮಣಿ ಅನ್ನುವುದೇ ಇಲ್ಲ. ಹೊಗೆ ಹುಲ್ಲಿನ ಸೂರಿನಲ್ಲಿ ಸುತ್ತಾಡಿ, ಸಂದು ಸಿಕ್ಕಲ್ಲಿ ಹೊರಬೀಳಬೇಕು. ಎಷ್ಟು ತಲೆಮಾರಿನ ಕಣ್ಣು ಉರಿದಿತ್ತೋ! ಆದರೆ ಆ ಹೊಗೆಯಿಂದ ಒಂದು ಉಪಕಾರವಾಯಿತು. ಡೆವನ್‌ನಲ್ಲಿ ಸೂರಿಗೆ ಹುಲ್ಲು ಹೊದಿಸುವವರು ಹಳೆಯದನ್ನು ಪೂರ್ತಿ ಕಿತ್ತು ಹಾಕುತ್ತಿರಲಿಲ್ಲ. ಕೊಳೆತ ಮೇಲ್ಪದರ ತೆಗೆದು ಹೊಸದು ಹೊದಿಸುತ್ತಿದ್ದರು. ಹಾಗಾಗಿ ಕೆಲವು ಮನೆಗಳಲ್ಲಿ ತಳದ ಪದರ ಇವತ್ತಿಗೂ ಇಲ್ಲಣ ಮೆತ್ತಿಕೊಂಡು ಕಪ್ಪಾಗಿ ಕೂತಿದೆ. ಅದರಲ್ಲಿ ಮಧ್ಯಯುಗದ ಗೋಧಿ ಮತ್ತು ರೈ ತೆನೆಗಳು, ಹೊಲದ ಕಳೆಗಳು ಕೂಡ ಸಿಕ್ಕಿವೆ. ಅಟ್ಟ ಹತ್ತಿ ಕಪ್ಪು ತೊಲೆ, ಕಪ್ಪು ಹುಲ್ಲು ನೋಡಿದವರಿಗೆ ಈ ಮನೆ ಚಿಮಣಿಗಿಂತ ಹಳೆಯದು ಅನ್ನುವುದು ಖಾತ್ರಿ.

ಆಮೇಲಿನದು ದನದಿಂದ ದೂರ ಸರಿಯುತ್ತ ಹೋದ ಕತೆ. 16 ಮತ್ತು 17ನೇ ಶತಮಾನದಲ್ಲಿ ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಮೊದಲು ಬಂದದ್ದು ಕಲ್ಲಿನ ಚಿಮಣಿ. ಅದನ್ನು ಹೆಚ್ಚಾಗಿ ಹಾಲ್ ಮತ್ತು ಓಣಿಯ ನಡುವೆಯೇ ಎಬ್ಬಿಸಿದರು. ಒಂದೇ ಏಟಿಗೆ ಹೊಗೆಯೂ ಹೋಯಿತು, ದನದ ಕಡೆಗೆ ದಪ್ಪ ಗೋಡೆಯೂ ಬಂತು. ಬಂದವರ ಕಣ್ಣಿಗೆ ಮೊದಲು ಬೀಳುವುದು ಓಣಿಯ ಕಡೆಯ ಮುಖ ಅಂತ ಕೆಲವರು ಅದನ್ನು ನಯವಾಗಿ ಕೆತ್ತಿದ ಕಲ್ಲಿನಲ್ಲೇ ಕಟ್ಟಿಸಿದರು. ಜಂಬ ಯಾರಪ್ಪನ ಮನೆ ಸ್ವತ್ತು! ಹೊಗೆ ಇಲ್ಲದ ಮೇಲೆ ಸೂರಿನ ಕೆಳಗೆ ಮಹಡಿ ಹಾಕಬಹುದು. ಮಹಡಿಗೆ ಮೆಟ್ಟಿಲು ಬೇಕು, ಅದಕ್ಕೆ ಹಿಂಗೋಡೆಯಿಂದ ಹೊಟ್ಟೆಯಂತೆ ಉಬ್ಬಿದ ಒಂದು ಸಣ್ಣ ಸುತ್ತುಗೋಪುರ. ಬಾಗಿಲಿಗೆ ಮುಖಮಂಟಪ. ಅದರ ಮೇಲೆ ಕೆತ್ತಿದ ಇಸವಿಯನ್ನು ಮಾತ್ರ ಸುಮ್ನೆ ನಂಬಬಾರದು. ಅದು ಮಂಟಪ ಕಟ್ಟಿದ ವರ್ಷ ಇರಬಹುದು, ಮನೆ ಅದಕ್ಕಿಂತ ಇನ್ನೂರು ವರ್ಷ ಹಳೆಯದಿರಬಹುದು.

ಡೆವನ್‌ನವರೇ ಆದ ಇತಿಹಾಸಕಾರ ಡಬ್ಲ್ಯೂ. ಜಿ. ಹಾಸ್ಕಿನ್ಸ್ 1953ರಲ್ಲಿ ಇಂಥ ಬದಲಾವಣೆಗಳ ಬಗ್ಗೆ ಬರೆದರು. 1570ರಿಂದ 1640ರ ಒಳಗೆ ಹಳ್ಳಿಗಾಡಿನ ಇಂಗ್ಲೆಂಡ್ ತನ್ನ ಮನೆಗಳನ್ನು ಮತ್ತೆ ಕಟ್ಟಿಕೊಂಡಿತು ಎಂಬುದು ಅವರ ವಾದ. ಊರೂರಿಗೆ ಕಾಲ ಬೇರೆ ಬೇರೆ ಎಂದು ಆಮೇಲಿನವರು ತಕರಾರು ತೆಗೆದರು. ಅದೂ ನಿಜವೇ.

ಕೊನೆಗೆ ದನಕ್ಕೆ ಬೇರೆ ಬಾಗಿಲು, ಆಮೇಲೆ ಅಂಗಳದಾಚೆ ಬೇರೆ ಕೊಟ್ಟಿಗೆ. ಖಾಲಿಯಾದ ಶಿಪ್ಪನ್ ಎಷ್ಟೋ ಮನೆಗಳಲ್ಲಿ ಅಡುಗೆಮನೆಯೋ ಕೂರುವ ಕೋಣೆಯೋ ಆಯಿತು. ಹಾಗಾಗದೆ ಉಳಿದವು ಕಡಿಮೆ. ಪೌಂಡ್ಸ್‌ಗೇಟ್ ಹತ್ತಿರದ ಹೈಯರ್ ಅಪ್ಪಕಾಟ್ ಅಂಥದ್ದೊಂದು. ಶಿಪ್ಪನ್ ಬದಲಾಗದೆ ನಿಂತಿರುವ ಆ ಮನೆಯನ್ನು ಡಾರ್ಟ್‌ಮೂರ್ ನ್ಯಾಷನಲ್ ಪಾರ್ಕ್ ಆಡಳಿತ ಕೊಂಡುಕೊಂಡಿತ್ತು. ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅದಕ್ಕೆ ಅತಿ ಮೇಲಿನ ದರ್ಜೆ, ಗ್ರೇಡ್ ಒನ್. ಆ ಪಟ್ಟಿಗೆ ಸೇರಿದ ಮನೆಯನ್ನು ಅನುಮತಿ ಇಲ್ಲದೆ ಬದಲಾಯಿಸಿದರೆ ಅದು ಅಪರಾಧ. ಹಾಗಾಗಿ ಹಳೆಯ ಯಜಮಾನರು ಮನಸ್ಸಿಗೆ ಬಂದಂತೆ ಒಡೆದು ಕಟ್ಟಿದ ಮನೆಯಲ್ಲಿ ಇವತ್ತಿನ ಯಜಮಾನ ಒಂದು ಕಿಟಕಿ ಬದಲಾಯಿಸಲೂ ಅರ್ಜಿ ಹಾಕಬೇಕು.

ಮನೆ ಮಾರುವವರಿಗೆ ಲಾಂಗ್‌ಹೌಸ್ ಅನ್ನುವ ಪದ ಬಲು ಇಷ್ಟ, ಬೆಲೆ ಏರುತ್ತದೆ. ಅಂಥ ಮನೆ ಎದುರಾದರೆ ಒಳಗೆ ಹೋಗುವ ಮೊದಲು ಕೆಳಗಿನ ತುದಿಗೆ ಹೋಗಿ ಗೋಡೆಯ ಬುಡ ನೋಡಿ. ಒಳಗಡೆ ಗಾರೆ ಬಳಿದು ಸೋಫಾ ಹಾಕಿದ್ದರೂ, ಆ ಗಂಜಲದ ತೂತು ಹೊರಗಡೆ ಹಾಗೇ ಉಳಿದಿರಬಹುದು.