ಖರಾಬು ಜಮೀನಿನ ನಿವಾಸಿಗಳು

ಗೋದಾಮಿಗೋ ಬಡಾವಣೆಗೋ ಸೌರ ವಿದ್ಯುತ್ ಘಟಕಕ್ಕೋ ಜಮೀನು ಹುಡುಕುವವರು ನನ್ನ ಬಳಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಜಾಗದ ಆಯ್ಕೆ ಮುಗಿದು, ಮುಂಗಡ ಹಣವನ್ನೂ ಕೊಟ್ಟಾಗಿರುತ್ತದೆ. ವನ್ಯಜೀವಿ ಸಮೀಕ್ಷೆಯೆಂದರೆ ಕಡತಕ್ಕೆ ಸೇರಿಸಬೇಕಾದ ಇನ್ನೊಂದು ಕಾಗದವೆಂದೇ ಹಲವರ ತಿಳಿವಳಿಕೆ. ಬಯಲುಸೀಮೆಯಲ್ಲಿ ಇಂಥ ಸಮೀಕ್ಷೆಗಳನ್ನು ಮಾಡಿಕೊಂಡು ಬಂದ ನನ್ನ ಅನುಭವದಲ್ಲಿ, ಅಪಾಯದಂಚಿನ ಪ್ರಾಣಿಪಕ್ಷಿಗಳಿಗೆ ಆಗುವ ಹಾನಿಯ ಹೆಚ್ಚಿನ ಪಾಲು ಜೆಸಿಬಿ ಬರುವ ದಿನವಲ್ಲ, ಸರ್ವೆ ನಂಬರ್ ಗೊತ್ತುಪಡಿಸುವ ದಿನವೇ ನಿರ್ಧಾರವಾಗಿಬಿಡುತ್ತದೆ.

ತೊಡಕು ಪಹಣಿಯಿಂದಲೇ ಶುರುವಾಗುತ್ತದೆ. ಸಾಗುವಳಿಗೆ ಬಾರದ ನೆಲವನ್ನು ಕಂದಾಯ ದಾಖಲೆ ‘ಖರಾಬು’ ಎಂದು ಗುರುತಿಸುತ್ತದೆ. ಸುತ್ತಲಿನ ಗೋಮಾಳ, ಕಾವಲುಗಳನ್ನೂ ಸೇರಿಸಿ ಎಲ್ಲವನ್ನೂ ‘ಬಂಜರು’ ಎಂದು ಕರೆಯುವುದು ರೂಢಿ. ಮರಗಳಿಲ್ಲದ್ದರಿಂದ ಅದು ಕಾಡಾಗಿ ಕಾಣುವುದಿಲ್ಲ, ಬೆಳೆಯಿಲ್ಲದ್ದರಿಂದ ಹೊಲವಾಗಿಯೂ ಕಾಣುವುದಿಲ್ಲ. ಆದರೆ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್), ಲೆಸ್ಸರ್ ಫ್ಲೋರಿಕನ್ ಎಂಬ ಹಕ್ಕಿ, ತೋಳ, ಕೃಷ್ಣಮೃಗಗಳು ಬದುಕುವುದು ಇಂಥ ತೆರೆದ ಹುಲ್ಲುಗಾವಲು, ಕುರುಚಲು ನೆಲಗಳಲ್ಲೇ. ಈ ನಾಲ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ; ಹುಲಿಗೂ ಆನೆಗೂ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ.

ಆ ರಕ್ಷಣೆಗೆ ಒಂದು ದೊಡ್ಡ ಕೊರತೆಯಿದೆ. ಪ್ರಾಣಿಯನ್ನು ಕೊಂದರೆ, ಹಕ್ಕಿಯ ಗೂಡು ಮೊಟ್ಟೆಗಳಿಗೆ ಧಕ್ಕೆ ತಂದರೆ ಕಾಯ್ದೆ ಅದನ್ನು ಬೇಟೆಯೆಂದೇ ಪರಿಗಣಿಸುತ್ತದೆ. ಆದರೆ ಅಭಯಾರಣ್ಯ, ಸಂರಕ್ಷಿತ ಪ್ರದೇಶಗಳ ಹೊರಗೆ ಅದೇ ಪ್ರಾಣಿ ಮೇಯುವ, ಮರಿ ಮಾಡುವ ನೆಲಕ್ಕೆ ಅಂಥ ಕಾವಲಿಲ್ಲ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಡಿ ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ತಲುಪದ ಕಟ್ಟಡ ಯೋಜನೆಗೆ ಪೂರ್ವಾನುಮತಿ ಬೇಕಿಲ್ಲ. ಎಷ್ಟೇ ಎಕರೆ ಆವರಿಸಿದರೂ ಸೌರಫಲಕ ಘಟಕಕ್ಕೂ ಬೇಕಿಲ್ಲ. ಹೀಗಾಗಿ ಹಲವು ಜಮೀನುಗಳಲ್ಲಿ ಸಮೀಕ್ಷೆ ನಡೆಯಬೇಕೋ ಬೇಡವೋ ಎಂಬುದು ಮಾಲೀಕನ ವಿವೇಚನೆಗೇ ಬಿಟ್ಟ ಮಾತಾಗಿದೆ.

ಸಮೀಕ್ಷೆ ಕಡ್ಡಾಯವಿದ್ದಲ್ಲಿಯೂ ಋತುವಿನ ಸಮಸ್ಯೆ ಎದುರಾಗುತ್ತದೆ. ಮುಂಗಾರು ಬಿಟ್ಟು ಬೇರೊಂದು ಋತುವಿನ ಮಾಹಿತಿ ಸಾಕೆಂದು ಅನೇಕ ಯೋಜನೆಗಳ ಅಧ್ಯಯನ ಹೇಗಿರಬೇಕೆಂದು ಗೊತ್ತುಪಡಿಸುವ ಸೂಚಿಗಳು ಹೇಳುತ್ತವೆ. ಮಳೆಗೆ ಧೂಳು ಅಡಗುವುದರಿಂದ ಗಾಳಿಯ ಗುಣಮಟ್ಟ ಅಳೆಯುವವರಿಗೆ ಇದು ಸರಿಯಾದ ನಿಯಮ. ಹುಲ್ಲುಗಾವಲಿನ ಹಕ್ಕಿಗಳನ್ನು ಎಣಿಸುವವರಿಗೆ ಇದಕ್ಕಿಂತ ತಪ್ಪಾದದ್ದಿಲ್ಲ. ಲೆಸ್ಸರ್ ಫ್ಲೋರಿಕನ್‌ನ ಗಂಡು ಮಳೆಗಾಲದಲ್ಲಿ ಮಾತ್ರ ಹುಲ್ಲಿನ ಮೇಲಕ್ಕೆ ಮತ್ತೆ ಮತ್ತೆ ಚಿಮ್ಮಿ ತನ್ನಿರವನ್ನು ತೋರಿಸುತ್ತದೆ. ಉಳಿದ ಕಾಲದಲ್ಲಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣಸಿಗುವುದು ಕಷ್ಟ. 2011ರಲ್ಲಿ ಬೆಂಗಳೂರಿನ ಅಂಚಿನ ಹೆಸರಘಟ್ಟದಲ್ಲಿ ಈ ಹಕ್ಕಿ ಕಂಡಿತ್ತು. ತೋಳದ ವಿಷಯ ಇದಕ್ಕೆ ತದ್ವಿರುದ್ಧ. ಅದು ಮರಿ ಹಾಕುವುದು ಚಳಿಗಾಲದಲ್ಲಿ. ಆದ್ದರಿಂದ ಮುಂಗಾರಿನಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ನೆಲ ನೋಡದೆ ‘ಯಾವುದೇ ಅಪರೂಪದ ಪ್ರಭೇದ ಕಂಡುಬಂದಿಲ್ಲ’ ಎಂಬ ವಾಕ್ಯಕ್ಕೆ ನಾನು ಸಹಿ ಹಾಕುವುದಿಲ್ಲ.

ಕ್ಯಾಮೆರಾ ಕಟ್ಟುವ ಮೊದಲು ನಾನು ಕುರಿಗಾಹಿಗಳನ್ನು ಹುಡುಕಿಕೊಂಡು ಹೋಗುತ್ತೇನೆ. ಚಿತ್ರದುರ್ಗದ ಕಡೆಯ ಒಂದು ಜಮೀನಿನಲ್ಲಿ ಮೂರು ದಿನ ಸುತ್ತಿದರೂ ನಮ್ಮ ತಂಡಕ್ಕೆ ಹಳೆಯ ಹಿಕ್ಕೆ ಬಿಟ್ಟು ಏನೂ ಸಿಕ್ಕಿರಲಿಲ್ಲ. ಕೊನೆಗೆ ಕುರಿ ಕಾಯುತ್ತಿದ್ದ ಅಜ್ಜನೊಬ್ಬನನ್ನು ಕೇಳಿದಾಗ, “ತೋಳ ಇಲ್ದೆ ಏನ್ ಸ್ವಾಮಿ, ಆ ಹಳ್ಳದ ದಿಬ್ಬದಾಗೆ ಮರಿ ಹಾಕೈತೆ” ಎಂದು ಕೋಲು ತೋರಿಸಿದ. ಅವನ ಎರಡು ಕುರಿಗಳನ್ನು ಅದೇ ತೋಳ ಒಯ್ದಿತ್ತು, ಆದರೂ ಅವನ ಮಾತಿನಲ್ಲಿ ದ್ವೇಷವಿರಲಿಲ್ಲ. ನಕ್ಷೆಯಲ್ಲಿ ಆ ದಿಬ್ಬದ ಮೇಲೆಯೇ ಲಾರಿ ನಿಲ್ದಾಣ ಬಂದಿತ್ತು. ಮಾಲೀಕರು ಅದನ್ನು ರಸ್ತೆಯ ಬದಿಗೆ ಸರಿಸಲು ಒಪ್ಪಿದರು, ಹಳ್ಳದ ಎರಡೂ ದಂಡೆಗೆ ಬೇಲಿ ಹಾಕದೆ ಬಿಟ್ಟರು, ಮರಿಗಳು ಬೆಳೆಯುವವರೆಗೆ ನೆಲ ಅಗೆಯುವುದನ್ನು ಮುಂದೂಡಿದರು. ನಕ್ಷೆ ಇನ್ನೂ ಕಾಗದದ ಮೇಲಿದ್ದುದರಿಂದ ಇದಕ್ಕೆ ತಗುಲಿದ ವೆಚ್ಚ ಅಲ್ಪ. ಅಡಿಪಾಯ ಬಿದ್ದ ಮೇಲೆ ಬಂದಿದ್ದರೆ ನಾನು ಕೊಡಬಹುದಾಗಿದ್ದ ಸಲಹೆ ಯಾವುದೂ ಉಳಿದಿರುತ್ತಿರಲಿಲ್ಲ.

ಹಸಿರು ಪಟ್ಟಿಯ (ಗ್ರೀನ್ ಬೆಲ್ಟ್) ಬಗೆಗೂ ಎಚ್ಚರ ಬೇಕು. ಕೈಗಾರಿಕಾ ಯೋಜನೆಗಳಲ್ಲಿ ಜಾಗದ ಒಂದು ಪಾಲಿನಲ್ಲಿ ಮರ ಬೆಳೆಸುವ ಷರತ್ತು ಹುಲ್ಲುಗಾವಲಿನಲ್ಲಿ ಎರಡನೇ ಪೆಟ್ಟಾಗುತ್ತದೆ. ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರ್ಲಡ್ಡು ಈಗಿಲ್ಲ. ಇಂಥ ನೆಲದಲ್ಲಿ ಸಸಿ ನೆಡುವ ಬದಲು ಸ್ಥಳೀಯ ಹುಲ್ಲನ್ನೇ ಉಳಿಸಿಕೊಳ್ಳಲು ಅನುಮತಿ ಕೊಡಿ ಎಂದು ನಾನು ಪ್ರತಿ ವರದಿಯಲ್ಲೂ ಕೇಳುತ್ತೇನೆ.

ಇನ್ನು ವಿದ್ಯುತ್ ತಂತಿಗಳು. ದೇಶದಲ್ಲಿ ನಿಸರ್ಗದಲ್ಲಿ ಉಳಿದಿರುವ ಎರ್ಲಡ್ಡುಗಳು 150ಕ್ಕಿಂತ ಕಡಿಮೆ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಮಾತ್ರ ಬೆರಳೆಣಿಕೆಯಷ್ಟಿವೆ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಗಂಡು 15 ಕಿಲೋವರೆಗೂ ತೂಗುತ್ತದೆ. ಕಣ್ಣುಗಳು ಪಕ್ಕಕ್ಕೆ ಇರುವುದರಿಂದ ಎದುರಿನ ತಂತಿ ಸರಿಯಾಗಿ ಕಾಣುವುದಿಲ್ಲ, ಕಂಡರೂ ಆ ಭಾರದ ದೇಹ ಥಟ್ಟನೆ ಹೊರಳದು. ರಾಜಸ್ಥಾನ, ಗುಜರಾತುಗಳ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಒಯ್ಯಬೇಕೆಂದು 2021ರಲ್ಲಿ ಆದೇಶಿಸಿದ್ದ ಸುಪ್ರೀಂ ಕೋರ್ಟ್, 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು. ಆದರೆ ಘಟಕದ ಬೇಲಿಯೊಳಗಷ್ಟೇ ನಮ್ಮ ಸಮೀಕ್ಷೆ ನಡೆಯುತ್ತದೆ. ಅಲ್ಲಿಂದ ಉಪಕೇಂದ್ರಕ್ಕೆ ಹೋಗುವ ಹಲವು ಕಿಲೋಮೀಟರ್ ತಂತಿಯ ದಾರಿಯನ್ನು ಬೇರೆಯವರು, ಬೇರೆ ದಿನ, ಬೇರೆ ನಕ್ಷೆಯಲ್ಲಿ ಗೀಚುತ್ತಾರೆ. ಜಮೀನು ತೋರಿಸಲು ಬರುವವರಿಗೆ ಈಗ ನಾನು ಮೊದಲು ಕೇಳುವುದು ಆ ತಂತಿಯ ನಕ್ಷೆಯನ್ನೇ.